ಉಸಿರು ಸಾಲದ ಗಂಟು

ಹೋದ ಸಂಚಿಕೆಯಲ್ಲಿ ಹುಣಸೆ ತೊಕ್ಕಿನ ವಿಷಯ ಬರೆದು, ಈ ಸಲ ಹಿತಕಿದ ಅವರೆಬೇಳೆ ಸಾರು ಹೇಳಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆ ಮಾತು ಮುಂದಿನ ಸಲಕ್ಕಿರಲಿ, ಸೋದರಿಯರು ಮನ್ನಿಸಬೇಕು. ಈ ಸಲ ಒಂದು ಕಾಗದದ ವಿಷಯ ಬರೆಯಬೇಕಾಗಿದೆ. ನಮ್ಮ ಅತ್ತಿಗೆ ಅದಕ್ಕೆ ರುಜು ಹಾಕಬೇಕೋ ಬೇಡವೋ ಎಂದು ಮೂರು ದಿನ ನಿದ್ದೆ ಕೆಡಿಸಿಕೊಂಡ ಕಾಗದ ಅದು.

ಅತ್ತಿಗೆ ಎಂದರೆ ನಮ್ಮವರ ಅಕ್ಕ. ಕೊಟ್ಟಿದ್ದು ಇದೇ ಅಂತರಸಂತೆಯ ಕೆಳಗಿನ ಬೀದಿಗೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಈ ಮನೆಯ ರೀತಿ ನೀತಿ ಕಲಿಸಿದ್ದೇ ಅವರು. ವಯಸ್ಸು 52. ‘ಹೆಸರೊಂದು ಹಾಕಬೇಡ ಕಣೇ, ಮಿಕ್ಕಿದ್ದು ಎಲ್ಲಾ ಬರಿ, ನನ್ನ ಹಾಗೆ ಇನ್ಯಾರೂ ಬಾಯಿ ಮುಚ್ಚಿಕೊಂಡು ಕೂರೋದು ಬೇಡ’ ಅಂತ ಅವರೇ ಹೇಳಿದ ಮೇಲೆ ಬರೆಯುತ್ತಿದ್ದೇನೆ.

ಬಾಯಿ ಮುಚ್ಚಿಕೊಂಡು ಕೂತಿದ್ದು ಒಂದು ದಿನ ಎರಡು ದಿನವಲ್ಲ, ಎಂಟು ತಿಂಗಳು. ಮಲದ ಜೊತೆ ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಇರಬೇಕು ಎಂದುಕೊಂಡು ಮೂಲಂಗಿ ತಿಂದರು, ಮಜ್ಜಿಗೆ ಕುಡಿದರು, ಯಾರೋ ಹೇಳಿದ ಬೇರು ಅರೆದು ಕುಡಿದರು. ಮುಟ್ಟು ನಿಲ್ಲುವ ವಯಸ್ಸು ಬೇರೆ, ಅದರದ್ದೇ ಏರುಪೇರು ಇರಬಹುದು ಅಂತಲೂ ಅಂದುಕೊಂಡರು. ಹಿಂದೆ ನಸುಕಿನಲ್ಲಿ ಚೊಂಬು ಹಿಡಿದು ಬಯಲಿಗೆ ಹೋಗುತ್ತಿದ್ದ ಕಾಲವಾಗಿದ್ದರೆ ಇದೂ ಕಾಣುತ್ತಿರಲಿಲ್ಲ. ಈಗ ಮನೆಯಲ್ಲೇ ಕಕ್ಕಸು ಇದೆ, ಬಿಳಿ ಹಾಸಿನ ಮೇಲೆ ಕೆಂಪು ಕಾಣುತ್ತದೆ. ಕಂಡರೂ ಹೇಳುವುದು ಯಾರಿಗೆ? ಗಂಡನ ಹತ್ತಿರ ನಾಚಿಕೆ, ಮಗನ ಹತ್ತಿರ ಇನ್ನೂ ನಾಚಿಕೆ. ಆಮೇಲೆ ಆಯಾಸ ಶುರುವಾಯಿತು. ಹತ್ತಿ ಬಿಡಿಸಲು ಎಲ್ಲರಿಗಿಂತ ಮುಂದೆ ಸಾಲು ಹಿಡಿಯುತ್ತಿದ್ದವರು ಬದುವಿನ ಮೇಲೆ ಕೂತು ಏದುಸಿರು ಬಿಡತೊಡಗಿದರು. ತೋರಿಸಿಕೊಂಡ ಒಂದು ಕಡೆ ಮುಟ್ಟಿಯೂ ನೋಡದೆ ಮುಲಾಮು ಮತ್ತು ಕಬ್ಬಿಣದ ಮಾತ್ರೆ ಬರೆದುಕೊಟ್ಟು ಕಳಿಸಿದರು. ಅಲ್ಲಿಗೆ ಇನ್ನೆರಡು ತಿಂಗಳು ಹೋಯಿತು. ಕೊನೆಗೆ ಮೈಸೂರಿನಲ್ಲಿ ಒಬ್ಬ ಡಾಕ್ಟರಮ್ಮ ಕೈಗವಸು ಹಾಕಿ ಬೆರಳಿಟ್ಟು ಪರೀಕ್ಷೆ ಮಾಡಿದರು ನೋಡಿ, ಎರಡೇ ನಿಮಿಷ, ಬೆರಳಿಗೇ ಗಂಟು ಸಿಕ್ಕಿತು. ಆಮೇಲೆ ಕೊಳವೆ ಹಾಕಿ ಕರುಳು ನೋಡಿದ್ದು, ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದು ಎಲ್ಲಾ ಆಯಿತು. ದೊಡ್ಡ ಕರುಳಿನ ತುದಿಯ ಭಾಗದಲ್ಲಿ ಕ್ಯಾನ್ಸರು. ಹೆಂಗಸರಿಗೆ 12 ಆದರೂ ಇರಬೇಕಾದ ಹಿಮೋಗ್ಲೋಬಿನ್ ಅವರಿಗೆ 7 ಇತ್ತು. ಮೊದಲು ರಕ್ತ ಕೊಟ್ಟರು.

ಆಮೇಲೆ ಐದು ವಾರ ಕರೆಂಟು ಕೊಡುವುದು, ಜೊತೆಗೆ ಮಾತ್ರೆ. ನಮ್ಮ ಕಡೆ ಕರೆಂಟು ಅಂತಲೇ ಅನ್ನುತ್ತೇವೆ, ಅದು ವಿಕಿರಣ. ಸೋಮವಾರದಿಂದ ಶುಕ್ರವಾರದವರೆಗೆ ಮೈಸೂರಿನ ನನ್ನ ತಂಗಿಯ ಮನೆ, ಶನಿವಾರ ಕೆಂಪು ಬಸ್ಸು ಹತ್ತಿ ಊರಿಗೆ. ಇಂಥ ಒಂದು ದಿನ ಅತ್ತಿಗೆ ರೇಗಿಕೊಂಡು ಕೇಳಿದರು, ‘ಇವರು ಇಷ್ಟಿಷ್ಟೇ ಕೊಡೋ ಬದಲು ಒಂದೇ ದಿನ ಪೂರ್ತಿ ಕೊಟ್ಟು ಕಳಿಸಬಾರದಾ? ದಿನಾ ಇಷ್ಟೊತ್ತು ಕಾಯೋದು, ಐದು ನಿಮಿಷ ಮಲಗಿಸೋದು!’ ನನಗೂ ಹಾಗೇ ಅನ್ನಿಸಿತ್ತು. ಉತ್ತರ ಆಗ ಸಿಗಲಿಲ್ಲ. ಆ ಕಾಗದ ಬಂದಾಗ ಸಿಕ್ಕಿತು.

ಕರೆಂಟು ಮುಗಿದು ಕೆಲವು ವಾರ ಕಳೆದ ಮೇಲೆ ಆಪರೇಷನ್ನಿಗೆ ಸೇರಿಸಿದಾಗ ಆ ಕಾಗದ ಕೊಟ್ಟರು. ತೆಗೆದ ಗಂಟು ಪರೀಕ್ಷೆಗೆ ಹೋಗುತ್ತದೆ. ಪರೀಕ್ಷೆ ಮುಗಿದು ಉಳಿದ ಚೂರನ್ನು ಸಂಶೋಧನೆಗೆ ಇಟ್ಟುಕೊಳ್ಳಬಹುದೇ, ಹೆಸರು ಎಲ್ಲೂ ಬರುವುದಿಲ್ಲ, ಒಪ್ಪಿಗೆ ಇದ್ದರೆ ರುಜು ಹಾಕಿ ಎಂದು ಅದರಲ್ಲಿತ್ತು. ‘ನನ್ನ ಮೈಯಿಂದ ತೆಗೆದ ಕೆಟ್ಟದ್ದು ಇವರಿಗೆ ಯಾಕೆ ಬೇಕಂತೆ? ಅದರಲ್ಲಿ ಏನು ಹುಡುಕ್ತಾರಂತೆ? ಮಾರ್ತಾರೇನೇ?’ ಅತ್ತಿಗೆಯ ಮೂರು ಪ್ರಶ್ನೆ. ಅಣ್ಣಾವ್ರು, ಅಂದರೆ ಅತ್ತಿಗೆಯ ಯಜಮಾನರು, ‘ಡಾಕ್ಟರು ಕೇಳಿದ್ದಕ್ಕೆ ಇಲ್ಲ ಅಂದರೆ ಸರಿಯಾಗಿ ನೋಡಿಕೊಳ್ಳೋದಿಲ್ಲ, ಹಾಕಿಬಿಡು’ ಅಂತ ಹೆದರಿಕೊಂಡರು. ನನಗೆ ಅದು ಸರಿ ಕಾಣಲಿಲ್ಲ. ತಿಳಿಯದೆ ರುಜು ಹಾಕಬಾರದು ಎಂದು ನಾನು ಹಠ ಹಿಡಿದೆ. ಆ ಕಾಗದ ತಂದಿದ್ದ ಹುಡುಗಿ, ಇನ್ನೂ ಓದುತ್ತಿರುವ ಡಾಕ್ಟರು, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬಂದು ಮಂಚದ ಪಕ್ಕ ಕೂತು ಹೇಳಿದಳು. ಎಸ್‌ಎಸ್‌ಎಲ್‌ಸಿವರೆಗೆ ಓದಿದ ನನಗೆ ಅರ್ಥವಾಗುವ ಹಾಗೆ ಹೇಳಿದಳಲ್ಲ, ಅವಳಿಗೆ ಒಳ್ಳೆಯದಾಗಲಿ. ಆಮೇಲೆ ನಾನೂ ಅಲ್ಲಿ ಇಲ್ಲಿ ಓದಿ, ಕೇಳಿ, ಸರಿಯೇ ಎಂದು ನೋಡಿಕೊಂಡಿದ್ದೇನೆ.

ಅವರು ಹುಡುಕುವುದು ಗಂಟಿನೊಳಗೆ ಉಸಿರು ಸಾಲದ ಗುರುತುಗಳನ್ನು.

ಉಸಿರು ಎಂದರೆ ಆಮ್ಲಜನಕ. ನಾವು ಎಳೆದುಕೊಂಡ ಗಾಳಿಯಲ್ಲಿ ನೂರಕ್ಕೆ 21 ಪಾಲು ಇರುತ್ತದಲ್ಲ, ಅದು. ಅದನ್ನು ರಕ್ತ ಹೊತ್ತುಕೊಂಡು ಹೋಗಿ ಮೈಯ ಒಂದೊಂದು ಜೀವಕೋಶಕ್ಕೂ ಕೊಡಬೇಕು. ನಮ್ಮೂರಿನ ನಲ್ಲಿ ನೀರಿನ ಲೆಕ್ಕ ಇದು. ಊರಾಚೆ ಹೋದರೆ ಕಬಿನಿಯ ಹಿನ್ನೀರು ಕಣ್ಣು ಹಾಯುವಷ್ಟು ದೂರ ತುಂಬಿ ನಿಂತಿರುತ್ತದೆ. ಆದರೂ ಪೈಪು ಹಾಕಿಸದೆ ಒಂದರ ಹಿಂದೊಂದು ಕಟ್ಟಿಕೊಂಡ ಮನೆಗಳ ಸಾಲಿನಲ್ಲಿ ಕೊನೆಯ ಮನೆಯವಳ ಕೊಡಕ್ಕೆ ತೊಟ್ಟು ನೀರಿಲ್ಲ. ಕ್ಯಾನ್ಸರಿನ ಗಂಟೂ ಹಾಗೇ ಅಡ್ಡಾದಿಡ್ಡಿ ಬೆಳೆಯುವ ಬಡಾವಣೆ. ಜೀವಕೋಶಗಳು ಬೆಳೆಯುವ ಅವಸರಕ್ಕೆ ರಕ್ತನಾಳಗಳು ಸಮನಾಗಿ ಬೆಳೆಯುವುದಿಲ್ಲ, ಬೆಳೆದವೂ ಸೊಟ್ಟ ಪಟ್ಟ, ಸೋರುವಂಥವು. ನಾಳದ ಪಕ್ಕದಲ್ಲಿದ್ದವಕ್ಕೆ ಉಸಿರು ಸಿಗುತ್ತದೆ, ಒಳಗಿದ್ದವಕ್ಕೆ ಇಲ್ಲ. 1955ರಲ್ಲಿ ಇಂಗ್ಲೆಂಡಿನ ಥಾಮ್ಲಿನ್ಸನ್ ಮತ್ತು ಗ್ರೇ ಎಂಬಿಬ್ಬರು ಗಂಟಿನ ತೆಳ್ಳನೆಯ ಪದರಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಅಳೆದು ನೋಡಿದರು. ರಕ್ತನಾಳದಿಂದ ಒಂದು ಮಿಲಿಮೀಟರಿನ ಐದನೇ ಒಂದು ಭಾಗ ದೂರ ಹೋಗುವಷ್ಟರಲ್ಲೇ ಜೀವಕೋಶಗಳು ಸತ್ತಿದ್ದವು. ಒಂದು ಸಾಸಿವೆ ಕಾಳಿನಷ್ಟು ದೂರವೂ ಇಲ್ಲ, ನೋಡಿ.

ಸತ್ತರೆ ಒಳ್ಳೆಯದೇ ಅಲ್ಲವೇ ಎಂದು ನಾನು ಕೇಳಿದೆ. ಸಾಯುವುದಕ್ಕೆ ಸ್ವಲ್ಪ ಈಚೆಗಿರುತ್ತವಲ್ಲ, ಅರೆಹೊಟ್ಟೆಯಲ್ಲಿ ಬದುಕಿದಂಥವು, ಅವುಗಳದ್ದೇ ತೊಂದರೆ ಅಂದಳು. ಗಾಳಿ ಸಿಗದಿದ್ದಾಗ ಅವು ಸಕ್ಕರೆಯನ್ನು ಪೂರ್ತಿ ಉರಿಸದೆ ಅರ್ಧಕ್ಕೇ ಒಡೆದು, ಹುಳಿ ಮಾಡಿ ಹೊರಗೆ ಚೆಲ್ಲಿ ಬದುಕುತ್ತವೆ. ಆ ಹುಳಿ ಯಾವುದು ಗೊತ್ತೇ? ನಾವು ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆ ಮೊಸರಾಗುವುದೂ ಅದೇ ಹುಳಿಯಿಂದ, ಲ್ಯಾಕ್ಟಿಕ್ ಆಮ್ಲ. ಹೀಗೆ ಮಾಡಿದರೆ ಒಂದೇ ಸಕ್ಕರೆಯಿಂದ ಸಿಗುವ ಶಕ್ತಿ ಸುಮಾರು ಹದಿನೈದರಲ್ಲಿ ಒಂದು ಪಾಲು. ಅದಕ್ಕೇ ಅವು ಸಕ್ಕರೆಯನ್ನು ಬಕಾಸುರನ ಹಾಗೆ ತಿನ್ನುತ್ತವೆ. ಗಂಟಿನ ಈ ಹುಳಿ ಚಾಳಿಯನ್ನು ಜರ್ಮನಿಯ ಆಟೊ ವಾರ್ಬರ್ಗ್ ಎಂಬವರು 1920ರ ದಶಕದಲ್ಲೇ ಕಂಡಿದ್ದರು. ಗಾಳಿ ಸಿಕ್ಕಾಗಲೂ ಈ ಜೀವಕೋಶಗಳು ಆ ಚಾಳಿ ಬಿಡುವುದಿಲ್ಲ ಎಂಬುದೂ ಅವರ ಕಣ್ಣಿಗೆ ಬಿದ್ದಿತ್ತು.

ಇನ್ನು ಗುರುತುಗಳ ವಿಷಯ. ಇದು ನನಗೆ ತುಂಬಾ ಹಿಡಿಸಿತು, ಸ್ವಲ್ಪ ನಿಧಾನವಾಗಿ ಓದಿ.

ನಮ್ಮ ಮೈಯ ಪ್ರತಿ ಜೀವಕೋಶವೂ ಎಚ್‌ಐಎಫ್ ಎಂಬ ಒಂದು ವಸ್ತುವನ್ನು ಸದಾ ತಯಾರಿಸುತ್ತಲೇ ಇರುತ್ತದೆ, ಉಸಿರು ಸಾಕಷ್ಟಿದ್ದರೆ ಅದನ್ನು ಆಗಿಂದಾಗ್ಗೆ ಹಾಳುಮಾಡಿಬಿಡುತ್ತದೆ. ನಾವು ದಿನಾ ಬೆಳಿಗ್ಗೆ ಅಂಗಡಿಗೆ ಸಾಮಾನಿನ ಚೀಟಿ ಬರೆದು, ಡಬ್ಬದಲ್ಲಿ ಬೇಳೆ ಇದೆ ಎಂದು ಕಂಡಕೂಡಲೇ ಹರಿದು ಹಾಕಿದ ಹಾಗೆ. ದಡ್ಡ ಕೆಲಸ ಅನ್ನಿಸುತ್ತದೆ, ಆದರೆ ಡಬ್ಬ ಖಾಲಿಯಾದ ದಿನ ಚೀಟಿ ಬರೆದೇ ಇರುತ್ತದಲ್ಲ! ಉಸಿರು ಕಡಿಮೆಯಾದಾಗ ಈ ಚೀಟಿ ಹರಿಯುವುದಿಲ್ಲ. ನೇರವಾಗಿ ಜೀವಕೋಶದ ನಡುಮನೆಗೆ ಹೋಗಿ, ಬೇಕುಬೇಕಾದ್ದನ್ನೆಲ್ಲಾ ತರಿಸುತ್ತದೆ. ಈ ಚೀಟಿ ಬರೆಯುವ, ಹರಿಯುವ ಗುಟ್ಟನ್ನು ಬಿಡಿಸಿದ್ದಕ್ಕೆ 2019ರಲ್ಲಿ ಅಮೆರಿಕದ ಗ್ರೆಗ್ ಸೆಮೆಂಝಾ, ವಿಲಿಯಂ ಕೇಲಿನ್ ಮತ್ತು ಇಂಗ್ಲೆಂಡಿನ ಪೀಟರ್ ರ‍್ಯಾಟ್‌ಕ್ಲಿಫ್ ಎಂಬ ಮೂವರಿಗೆ ನೊಬೆಲ್ ಬಹುಮಾನ ಬಂತು. ಇದು ಕ್ಯಾನ್ಸರಿನ ಕೆಟ್ಟ ಬುದ್ಧಿಯೇನೂ ಅಲ್ಲ, ನಮ್ಮೆಲ್ಲರ ಮೈಯಲ್ಲೂ ಇರುವ ಒಳ್ಳೆಯ ಏರ್ಪಾಡು. ರಕ್ತ ಸೋರಿ ಹಿಮೋಗ್ಲೋಬಿನ್ 7ಕ್ಕೆ ಇಳಿದಾಗ ಅತ್ತಿಗೆಯ ಮೂತ್ರಪಿಂಡವೂ ಇಂಥದೇ ಚೀಟಿ ಬರೆದು ‘ಇನ್ನಷ್ಟು ರಕ್ತ ತಯಾರಿಸಿ’ ಎಂದು ಕೂಗುತ್ತಿತ್ತು. ಕಬ್ಬಿಣವೆಲ್ಲ ಸೋರಿಹೋಗಿದ್ದರೆ ತಯಾರಿಸುವುದು ಯಾವುದರಿಂದ? ಗಂಟು ಆ ಒಳ್ಳೆಯ ಏರ್ಪಾಡನ್ನೇ ತನ್ನ ಸ್ವಾರ್ಥಕ್ಕೆ ಬಳಸಿಕೊಳ್ಳುತ್ತದೆ ಅಷ್ಟೆ.

ಚೀಟಿ ತರಿಸುವ ಸಾಮಾನುಗಳಲ್ಲಿ ಮೂರು ಮುಖ್ಯ. ಗ್ಲೂಟ್-ಒನ್ ಎಂಬುದು ಸಕ್ಕರೆ ಒಳಬರುವ ಬಾಗಿಲು, ಅದನ್ನು ಹೆಚ್ಚು ಹೆಚ್ಚು ಇಡಿಸಿಕೊಳ್ಳುತ್ತದೆ. ಸಿಎ-ನೈನ್ ಎಂಬುದು ಒಳಗಿನ ಹುಳಿಯನ್ನು ಹೊರಗೆ ಸಾಗಿಸಲು ನೆರವಾಗುವುದು. ತನ್ನ ಮನೆ ಕಸ ಪಕ್ಕದ ಮನೆ ಬಾಗಿಲಿಗೆ ಗುಡಿಸುವ ಮಹರಾಯಿತಿಯರು ಎಲ್ಲಾ ಬೀದಿಯಲ್ಲೂ ಇರುತ್ತಾರಲ್ಲ, ಆ ಪೈಕಿ. ಮೂರನೆಯದು ವಿಇಜಿಎಫ್, ‘ಇತ್ತ ಕಡೆಗೂ ಪೈಪು ಎಳೆಯಿರಿ’ ಎಂದು ರಕ್ತನಾಳಗಳನ್ನು ಕರೆಯುವ ಕೂಗು. ಈ ಕೂಗನ್ನೇ ಅಡಗಿಸುವ ಬೆವಾಸಿಜುಮ್ಯಾಬ್ ಎಂಬ ಔಷಧಕ್ಕೆ, ದೇಹದ ಬೇರೆ ಕಡೆಗೆ ಹರಡಿದ ಕರುಳಿನ ಕ್ಯಾನ್ಸರಿಗೆ ಕೊಡಬಹುದೆಂದು 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೇರೆ ಔಷಧಗಳ ಜೊತೆ ಸೇರಿಸಿ ಕೊಟ್ಟಾಗ ರೋಗಿಗಳ ಆಯುಸ್ಸು ಸುಮಾರು ಐದು ತಿಂಗಳು ಹೆಚ್ಚಿತು. ಐದೇ ತಿಂಗಳೇ ಅಂತೀರಾ? ಮಗಳ ಮದುವೆ ನೋಡಿ ಹೋಗಬೇಕೆನ್ನುವ ತಾಯಿಗೆ ಅದು ಸಣ್ಣದಲ್ಲ.

ತೆಗೆದ ಗಂಟಿನ ಚೂರನ್ನು ಮೇಣದಲ್ಲಿ ಅದ್ದಿ ಗಟ್ಟಿ ಮಾಡಿ, ಕೂದಲಿಗಿಂತ ತೆಳ್ಳಗೆ ಸವರಿ ತೆಗೆದು, ಗಾಜಿನ ಮೇಲಿಟ್ಟು, ಈ ವಸ್ತು ಇದ್ದ ಕಡೆ ಮಾತ್ರ ಕಂದು ಬಣ್ಣ ಹಿಡಿಯುವ ಹಾಗೆ ಮಾಡುತ್ತಾರೆ. ರಕ್ತನಾಳದಿಂದ ದೂರ ಹೋದ ಹಾಗೆಲ್ಲ ಕಂದು ಗಾಢವಾಗುತ್ತದಂತೆ, ಕಾವಲಿಯ ಮೇಲೆ ದೋಸೆ ಸೀದ ಹಾಗೆ. ಇದರಲ್ಲೂ ತಾಪತ್ರಯಗಳುಂಟು. ಚೀಟಿ, ಅಂದರೆ ಎಚ್‌ಐಎಫ್, ಉಸಿರು ಸಿಕ್ಕ ಕೆಲವೇ ನಿಮಿಷಗಳಲ್ಲಿ ಮಾಯವಾಗುತ್ತದೆ. ಆಪರೇಷನ್ ಮಾಡುವಾಗ ರಕ್ತನಾಳ ಕಟ್ಟಿದರೆ ಹೊಸದಾಗಿ ಹುಟ್ಟಿಕೊಳ್ಳಲೂಬಹುದು. ಆದ್ದರಿಂದ ಚೀಟಿಯೊಂದನ್ನೇ ನಂಬದೆ ತರಿಸಿದ ಸಾಮಾನುಗಳನ್ನೂ ನೋಡುತ್ತಾರೆ. ಅಡಿಗೆ ಮನೆಯಲ್ಲಿ ಯಾರ ಕೈ ಓಡಿದೆ ಎಂದು ಚೀಟಿಗಿಂತ ಡಬ್ಬಗಳು ಚೆನ್ನಾಗಿ ಹೇಳುತ್ತವೆ! ಕರುಳಿನದು ಇನ್ನೊಂದು ತಾಪತ್ರಯ. ದೊಡ್ಡ ಕರುಳಿನ ಒಳಗೆ ಗಾಳಿ ಬೇಡದೆ ಬದುಕುವ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳ ಸಂಸಾರ. ಹಾಗಾಗಿ ಆರೋಗ್ಯವಾದ ಕರುಳಿನ ಒಳಪದರದಲ್ಲೂ ಮೈಯ ಬೇರೆ ಭಾಗಗಳಿಗಿಂತ ಉಸಿರು ಕಡಿಮೆಯೇ. ಕಡಿಮೆ ಇರುವುದು ಸಹಜವಾದ ಕಡೆ ಯಾವುದು ರೋಗದ ಕಡಿಮೆ ಎಂದು ಬೇರ್ಪಡಿಸಬೇಕು.

ಇಷ್ಟೆಲ್ಲಾ ಪಾಡು ಯಾಕೆಂದರೆ, ಅರೆ ಉಸಿರಿನಲ್ಲಿ ಬದುಕಲು ಕಲಿತ ಜೀವಕೋಶಗಳು ಮೊಂಡು. ಔಷಧ ರಕ್ತದಲ್ಲೇ ಹೋಗಬೇಕಾದ್ದರಿಂದ ಅವಕ್ಕೆ ಸರಿಯಾಗಿ ತಲುಪುವುದಿಲ್ಲ, ಜಾಗ ಬಿಟ್ಟು ಹರಡುವ ಬುದ್ಧಿಯೂ ಹೆಚ್ಚು. ಇಂಥ ಗುರುತುಗಳು ಹೆಚ್ಚಾಗಿ ಕಂಡ ರೋಗಿಗಳಲ್ಲಿ ಕಾಯಿಲೆಯ ಗತಿ ಅಷ್ಟು ಒಳ್ಳೆಯದಿರಲಿಲ್ಲ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಕರೆಂಟಿನ ವಿಷಯವೂ ಇಲ್ಲೇ ಬರುತ್ತದೆ. ವಿಕಿರಣ ಮಾಡಿದ ಗಾಯ ಮಾಯದ ಹಾಗೆ ಉಳಿಯಬೇಕಾದರೆ ಆಮ್ಲಜನಕ ಬೇಕು. ಉಸಿರಿಲ್ಲದ ಜೀವಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಕರೆಂಟು ಬೇಕಾಗುತ್ತದೆ. ಅಷ್ಟನ್ನೂ ಒಮ್ಮೆಗೇ ಕೊಟ್ಟರೆ ಅಕ್ಕಪಕ್ಕದ ಒಳ್ಳೆಯ ಭಾಗ ಸುಟ್ಟುಹೋಗುತ್ತದೆ. ದಿನಕ್ಕಿಷ್ಟು ಎಂದು ಕೊಟ್ಟರೆ ಮೊದಲು ಹೊರಸಾಲಿನವು ಸಾಯುತ್ತವೆ, ಆಗ ಒಳಸಾಲಿಗೆ ಉಸಿರು ಸಿಗುತ್ತದೆ, ಉಸಿರು ಸಿಕ್ಕಿದವು ಮಾರನೆಯ ದಿನದ ಕರೆಂಟಿಗೆ ಬಗ್ಗುತ್ತವೆ. ಇದೊಂದೇ ಕಾರಣವಲ್ಲ, ಒಳ್ಳೆಯ ಜೀವಕೋಶಗಳಿಗೆ ಸುಧಾರಿಸಿಕೊಳ್ಳಲು ಬಿಡುವೂ ಬೇಕು. ಕೆಲವರಿಗೆ ಐದೇ ದಿನದ ಕ್ರಮವೂ ಉಂಟು, ಅದು ಡಾಕ್ಟರು ನೋಡಿ ತೀರ್ಮಾನಿಸುವುದು. ಇದನ್ನು ಕೇಳಿ ಅತ್ತಿಗೆ, ‘ಓಹೋ, ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ ಅನ್ನಿ’ ಎಂದರು. ಹುಡುಗಿ ನಕ್ಕು ಹೌದಮ್ಮ ಅಂದಳು. ಐದು ವಾರದ ಸಿಟ್ಟು ಅವತ್ತು ಇಳಿಯಿತು.

ಆದರೆ ‘ಉಸಿರು ಸಾಲದ ಗಂಟು’ ಎಂಬ ಮಾತು ಅಣ್ಣಾವ್ರ ಕಿವಿಗೆ ಬಿದ್ದು ಇನ್ನೊಂದು ಫಜೀತಿಯಾಯಿತು. ಅವರ ಸ್ನೇಹಿತರೊಬ್ಬರು ಮೊಬೈಲಿನಲ್ಲಿ ಬಂದದ್ದನ್ನು ತೋರಿಸಿದರಂತೆ. ಕ್ಯಾನ್ಸರು ಆಮ್ಲಜನಕದಲ್ಲಿ ಬದುಕುವುದಿಲ್ಲ, ದಿನಾ ಎರಡು ಗಂಟೆ ಪ್ರಾಣಾಯಾಮ, ಅಡಿಗೆ ಸೋಡಾ ಹಾಕಿದ ನೀರು, ಸಕ್ಕರೆ ಬೆಲ್ಲ ಪೂರ್ತಿ ಬಂದ್, ಆಪರೇಷನ್ನೇ ಬೇಡ ಅಂತ! ನನ್ನ ಎದೆ ಧಸಕ್ಕೆಂದಿತು. ಆ ಹುಡುಗಿಯನ್ನೇ ಹಿಡಿದು ತಂದು ಅಣ್ಣಾವ್ರ ಮುಂದೆ ನಿಲ್ಲಿಸಿದೆ. ಅವಳು ಹೇಳಿದ್ದು ಇಷ್ಟು. ಪ್ರಾಣಾಯಾಮ ಮಾಡಿ, ಮನಸ್ಸಿಗೆ ಹಿತ, ಬೇಡ ಅನ್ನೋದಿಲ್ಲ. ಆದರೆ ಅಮ್ಮನ ಶ್ವಾಸಕೋಶಕ್ಕೆ ಗಾಳಿ ಕಡಿಮೆಯಾಗಿಲ್ಲ, ಗಂಟಿಗೆ ಹೋಗುವ ಪೈಪು ಸರಿ ಇಲ್ಲ. ಕಬಿನಿ ಇನ್ನಷ್ಟು ತುಂಬಿದರೆ ಪೈಪಿಲ್ಲದ ಮನೆಗೆ ನೀರು ಬಂದೀತೇ? ಸೋಡಾ ಕುಡಿದರೆ ರಕ್ತದ ಹುಳಿ ಬದಲಾಗುವುದಿಲ್ಲ, ಮೈ ಅದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ, ಅತಿಯಾದರೆ ಅಪಾಯ. ಸಕ್ಕರೆ ಬಿಟ್ಟರೂ ಅನ್ನದಿಂದ, ಕೊನೆಗೆ ಮೈಯ ಮಾಂಸದಿಂದಲೇ ದೇಹ ಸಕ್ಕರೆ ಮಾಡಿಕೊಳ್ಳುತ್ತದೆ. ರೋಗಿಯೇ ಸೊರಗುತ್ತಾರೆಯೇ ಹೊರತು ಗಂಟು ಸೊರಗುವುದಿಲ್ಲ. ಅಣ್ಣಾವ್ರು ಹೆಚ್ಚು ಮಾತಾಡಲಿಲ್ಲ, ಆದರೆ ಸಂಜೆ ಬರುವಾಗ ಅತ್ತಿಗೆಗೆ ಇಷ್ಟವಾದ ಬಾಳೆಹಣ್ಣು ತಂದಿದ್ದರು.

ಅತ್ತಿಗೆಯ ಕೊನೆಯ ಪ್ರಶ್ನೆ, ‘ಇದರಿಂದ ನನಗೇನು ಪ್ರಯೋಜನ?’ ಹುಡುಗಿ ಮುಚ್ಚುಮರೆಯಿಲ್ಲದೆ ಹೇಳಿದಳು: ಏನೂ ಇಲ್ಲಮ್ಮ. ಈಗ ಕರುಳಿನ ಕ್ಯಾನ್ಸರಿನ ಚಿಕಿತ್ಸೆಯನ್ನು ಈ ಗುರುತು ನೋಡಿ ತೀರ್ಮಾನಿಸುವುದಿಲ್ಲ. ಗಂಟು ಎಷ್ಟು ಆಳ ಇಳಿದಿದೆ, ಪಕ್ಕದ ಗ್ರಂಥಿಗಳಿಗೆ ಹೋಗಿದೆಯೇ, ಕತ್ತರಿಸಿದ ಅಂಚು ಶುದ್ಧವಾಗಿದೆಯೇ ಎಂಬುದೇ ನಿಮ್ಮ ವರದಿಯಲ್ಲಿ ಮುಖ್ಯ. ಎಚ್‌ಐಎಫ್ ಅನ್ನೇ ತಡೆಯುವ ಒಂದು ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಆದರೆ ಅದು ಅಪರೂಪದ ಬೇರೆ ಕಾಯಿಲೆಗೆ, ಕರುಳಿಗಲ್ಲ. ನಿಮ್ಮ ಚೂರು ಇನ್ನೂ ಅನೇಕರ ಚೂರುಗಳ ಜೊತೆ ಸೇರಿ, ಮುಂದೆ ಯಾರಿಗೆ ಯಾವ ಚಿಕಿತ್ಸೆ ನಾಟುತ್ತದೆ ಎಂದು ತಿಳಿಯಲು ದಾರಿಯಾದೀತು. ನೀವು ಬೇಡವೆಂದರೆ ನಿಮ್ಮ ಆರೈಕೆಯಲ್ಲಿ ಒಂದು ಕೂದಲೆಳೆಯೂ ವ್ಯತ್ಯಾಸವಾಗುವುದಿಲ್ಲ. ಕೊನೆಯ ಮಾತನ್ನು ನಾನು ಆಮೇಲೆ ವಿಚಾರಿಸಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ನಿಯಮಗಳಲ್ಲೂ ಹಾಗೇ ಇದೆ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು, ಒತ್ತಾಯವಿರಬಾರದು, ಒಪ್ಪಿದ ಮೇಲೂ ಹಿಂದೆ ಸರಿಯಬಹುದು. ಸೋದರಿಯರೆ, ನಿಮ್ಮ ಮುಂದೆ ಇಂಥ ಕಾಗದ ಬಂದರೆ ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಿ, ಸಂಕೋಚ ಬೇಡ.

ಇಂಥ ಲೆಕ್ಕ ಇಡುವುದು ನಮ್ಮ ರಾಜ್ಯದಲ್ಲಿ ಹೊಸದೇನಲ್ಲ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ 1982ರಿಂದ ಆ ಊರಿನ ಕ್ಯಾನ್ಸರ್ ರೋಗಿಗಳ ಪಟ್ಟಿ ಇಡುತ್ತಾ ಬಂದಿದ್ದಾರೆ. ಕರುಳಿನ ಕ್ಯಾನ್ಸರು ಪಶ್ಚಿಮದ ದೇಶಗಳಿಗಿಂತ ನಮ್ಮಲ್ಲಿ ಕಡಿಮೆಯೇ. ಆದರೆ ಬರುವವರಲ್ಲಿ ಐವತ್ತು ತುಂಬದವರೂ ಬಹಳ ಮಂದಿ. ಆದ್ದರಿಂದ ಕೆಲವು ವಾರಗಳಿಂದ ಮಲದಲ್ಲಿ ರಕ್ತ, ಮಲವಿಸರ್ಜನೆಯ ರೀತಿಯಲ್ಲಿ ಬದಲಾವಣೆ, ಕಾರಣವಿಲ್ಲದೆ ಸೊರಗುವುದು, ಕಬ್ಬಿಣದ ಮಾತ್ರೆ ತಿಂದರೂ ಏರದ ರಕ್ತ ಇದ್ದರೆ ‘ಮೂಲವ್ಯಾಧಿ’ ಎಂದು ನೀವೇ ಹೆಸರಿಡಬೇಡಿ. ಬೆರಳಿಟ್ಟು ನೋಡಿ ಎಂದು ಬಾಯಿಬಿಟ್ಟು ಕೇಳಿ, ಲೇಡಿ ಡಾಕ್ಟರೇ ಬೇಕೆಂದರೆ ಅದನ್ನೂ ಕೇಳಿ. ಖರ್ಚಿಗೆ ಹೆದರುವವರು ರೇಷನ್ ಕಾರ್ಡು ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲು ವಿಚಾರಿಸಿ.

ಆಪರೇಷನ್ ಆಗಿ ಏಳು ವಾರವಾಯಿತು. ಅಂಚು ಶುದ್ಧವಾಗಿದೆ ಎಂದು ವರದಿ ಬಂದಿದೆ, ಇನ್ನು ಕೆಲವು ಸುತ್ತು ಔಷಧ ಬಾಕಿ. ಕರುಳು ಹೊಲಿದ ಜಾಗ ಮಾಯುವವರೆಗೆ ಹೊಟ್ಟೆಯ ಮೇಲೆ ಮಲಕ್ಕೊಂದು ಚೀಲ ಹಾಕಿದ್ದಾರೆ. ಮೊದಲ ವಾರ ಅತ್ತಿಗೆ ಅದನ್ನು ನೋಡಿ ಅತ್ತಿದ್ದು ಆಪರೇಷನ್ನಿಗಿಂತ ಹೆಚ್ಚು. ಈಗ ಸೀರೆಯ ನೆರಿಗೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಉಡುತ್ತಾರೆ, ಸಂತೆಗೂ ಹೋಗಿ ಬಂದರು, ಯಾರಿಗೂ ತಿಳಿಯಲಿಲ್ಲ. ನಾರಿನ ಪದಾರ್ಥ ಸದ್ಯಕ್ಕೆ ಬೇಡ ಎಂದಿದ್ದಾರೆ. ಅದಕ್ಕೆ ಹಳೆ ಅಕ್ಕಿಯ ತರಿಯನ್ನು ಬಿಸಿ ಕಾವಲಿಯಲ್ಲಿ ಬೆಚ್ಚಗೆ ಹುರಿದು, ಒಂದಕ್ಕೆ ಆರರಷ್ಟು ನೀರಿನಲ್ಲಿ ಮೆತ್ತಗೆ ಬೇಯಿಸಿ, ಆರಿದ ಮೇಲೆ ಹುಳಿಯಿಲ್ಲದ ಮೊಸರು, ಉಪ್ಪು, ಚಿಟಿಕೆ ಜೀರಿಗೆ ಪುಡಿ ಹಾಕಿ ಕೊಡುತ್ತಿದ್ದೇನೆ. ಒಗ್ಗರಣೆ ಬೇಡ, ಹಸಿಮೆಣಸಿನಕಾಯಿ ಬೇಡ.

ಕಾಗದಕ್ಕೆ ಅತ್ತಿಗೆ ರುಜು ಹಾಕಿದರು. ಹಾಕುವ ಮುಂಚೆ ಆ ಹುಡುಗಿಯನ್ನು, ‘ನನ್ನ ಗಂಟಿನಲ್ಲಿ ಕಂದು ಬಣ್ಣ ಜಾಸ್ತಿ ಬಂದರೆ ನನಗೆ ಹೇಳ್ತೀಯೇನಮ್ಮ?’ ಎಂದು ಕೇಳಿದರು. ಹೆಸರಿಲ್ಲದ ಚೂರು, ಯಾರದ್ದೆಂದು ನನಗೇ ಗೊತ್ತಾಗುವುದಿಲ್ಲಮ್ಮ ಎಂದಳು ಅವಳು. ‘ಹೋಗಲಿ ಬಿಡು, ಗೊತ್ತಾಗದೇ ಇರೋದೇ ಒಳ್ಳೇದು’ ಎಂದು ಅತ್ತಿಗೆ ಪೆನ್ನು ತೆಗೆದುಕೊಂಡು, ಸ್ಕೂಲಿನಲ್ಲಿ ಕಲಿತ ಉರುಟು ಅಕ್ಷರದಲ್ಲಿ ತಮ್ಮ ಹೆಸರನ್ನು ಪೂರ್ತಿ ಬರೆದರು.